ನೆರೆಯವರ ಜಿದ್ದು: ಅಮೆರಿಕದ ವಿಶ್ವವಿದ್ಯಾನಿಲಯಗಳ ಫುಟ್‌ಬಾಲ್ ಒಕ್ಕೂಟಗಳನ್ನು ಕುರಿತು



ವಿದ್ಯಾಸಂಸ್ಥೆಗಳ ಬಾಳ್ವೆಯನ್ನು ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂದು ಈ ದತ್ತಿಯನ್ನು ಏರ್ಪಡಿಸಿದ ಹಿರಿಯರ ಆಶಯಕ್ಕೆ, ಒಂದು ಆಟವನ್ನು, ಅದರಲ್ಲಿಯೂ ನಮ್ಮ ನಾಡಿಗೆ ಅಷ್ಟಾಗಿ ಪರಿಚಿತವಲ್ಲದ ಆಟವನ್ನು, ವಿಷಯವಾಗಿ ಆರಿಸಿಕೊಳ್ಳುವುದು ಒಪ್ಪುವುದೇ ಎಂಬ ಶಂಕೆ ತಮ್ಮಲ್ಲಿ ಕೆಲವರಿಗಾದರೂ ಉದಿಸಿದ್ದೀತು. ಅಮೆರಿಕಾ ಸಂಯುಕ್ತ ಸಂಸ್ಥಾನದ ವಿಶ್ವವಿದ್ಯಾನಿಲಯಗಳು ತಮ್ಮತಮ್ಮೊಳಗೆ ಆಡುವ ಫುಟ್‌ಬಾಲ್ ಪಂದ್ಯಗಳ ವ್ಯವಸ್ಥೆ ಈಚಿನ ಕೆಲವು ವರ್ಷಗಳಲ್ಲಿ ಪಡೆದಿರುವ ಪರಿವರ್ತನೆಯನ್ನು ನಾನು ತಮ್ಮ ಮುಂದೆ ಇಡಬಯಸಿದ್ದಕ್ಕೆ ಕಾರಣವಿಷ್ಟು: ಎರಡು ಸಂಸ್ಥೆಗಳ ನಡುವೆ, ಎರಡು ಊರುಗಳ ನಡುವೆ, ಶತಮಾನಕಾಲ ಬೆಳೆದು ಬಂದ ಸಂಬಂಧವೊಂದು, ಯಾರೊಬ್ಬರ ಸ್ವತ್ತೂ ಅಲ್ಲವೆಂಬ ಹೇತುವಿನಿಂದಲೇ ಹೇಗೆ ರಕ್ಷಕರಿಲ್ಲದೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಬೇರೆಲ್ಲಿಯೂ ದೊರೆತಿಲ್ಲ.

ಆಟದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ನಾವು ಫುಟ್‌ಬಾಲ್ ಎನ್ನುವುದು ಅಲ್ಲಿ ಸಾಕರ್. ಅವರ ಫುಟ್‌ಬಾಲು ಅಂಡಾಕೃತಿಯ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಲೋ ಎಸೆಯುತ್ತಲೋ, ಅಡ್ಡಗಟ್ಟುವವರನ್ನು ಮೈಕೊಟ್ಟು ಎದುರಿಸುತ್ತ, ನೂರು ಗಜದ ಬಯಲಿನಲ್ಲಿ ಗಜಗಜವಾಗಿ ನೆಲವನ್ನು ಗೆಲ್ಲುವ ಆಟ. 1869ರ ನವೆಂಬರ್ 6ರಂದು ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಇದರ ಆದಿಯೆಂದು ಎಣಿಸುವ ವಾಡಿಕೆಯುಂಟು. ಶರತ್ಕಾಲದ ಶನಿವಾರಗಳಲ್ಲಿ ಈ ಪಂದ್ಯಗಳಿಗೆ ನೆರೆಯುವ ಜನಸ್ತೋಮವನ್ನು ನೋಡದವರಿಗೆ ಅದರ ಪ್ರಮಾಣವನ್ನು ನಂಬಿಸುವುದು ಕಷ್ಟ. ಮಿಷಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣವೊಂದರಲ್ಲೇ ಒಂದು ಲಕ್ಷಕ್ಕೂ ಮಿಕ್ಕ ಆಸನಗಳಿವೆ. ಪರ್ಡ್ಯೂವಿಗೋ ಟೆಕ್ಸಸ್ ಎ ಅಂಡ್ ಎಮ್ಮಿಗೋ ಉನ್ನತ ವ್ಯಾಸಂಗಕ್ಕೆಂದು ಹೋದ ನಮ್ಮ ನಾಡಿನ ತರುಣರು ಮನೆಗೆ ಬರೆಯುವ ಮೊದಮೊದಲ ಸುದ್ದಿಗಳಲ್ಲಿ ಈ ಶನಿವಾರದ ಜಾತ್ರೆಯೂ ಒಂದಾಗಿರುವುದು ಆಶ್ಚರ್ಯವಲ್ಲ.

ಈ ಆಟವನ್ನು ನಡೆಸುವುದಕ್ಕಾಗಿ ವಿಶ್ವವಿದ್ಯಾನಿಲಯಗಳು ಕಟ್ಟಿಕೊಂಡ ಒಕ್ಕೂಟಗಳಿಗೆ ಅಲ್ಲಿ ಕಾನ್ಫರೆನ್ಸ್ ಎಂದು ಹೆಸರು. ಅವು ಹುಟ್ಟಿದ ಬಗೆಯನ್ನು ನಾವು ಗಮನಿಸಬೇಕು. ಯಾಕೆಂದರೆ ಅವುಗಳ ಜನಕರು ವರ್ತಕರಾಗಿರಲಿಲ್ಲ. 1895ರ ಜನವರಿಯಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಜೇಮ್ಸ್ ಸ್ಮಾರ್ಟ್ ಅವರ ಆಹ್ವಾನದ ಮೇರೆಗೆ ಮಧ್ಯಪಶ್ಚಿಮ ಪ್ರಾಂತದ ಏಳು ವಿದ್ಯಾಸಂಸ್ಥೆಗಳ ಅಧ್ಯಕ್ಷರು ಷಿಕಾಗೋ ನಗರದ ಪಾಮರ್ ಹೌಸ್ ಹೋಟೆಲಿನಲ್ಲಿ ಸಭೆ ಸೇರಿ, ಮೈದಾನಕ್ಕೆ ಇಳಿಯುವವನು ನಿಜವಾದ ವಿದ್ಯಾರ್ಥಿಯಾಗಿರತಕ್ಕದ್ದು, ಪಾಠದಲ್ಲಿ ಹಿಂದೆ ಬಿದ್ದವನಾಗಿರಕೂಡದು ಎಂಬಂಥ ನಿಯಮಗಳನ್ನು ಚರ್ಚಿಸಿದರು. ಮರುವರ್ಷ, 1896ರ ಫೆಬ್ರವರಿಯಲ್ಲಿ, ಅಧ್ಯಾಪಕ ಪ್ರತಿನಿಧಿಗಳು ಕೂಡಿ ಆ ಒಕ್ಕೂಟಕ್ಕೆ ಆಕಾರ ಕೊಟ್ಟರು. ಮುಂದೆ ಬಿಗ್ ಟೆನ್ ಎಂದು ಪ್ರಖ್ಯಾತವಾದದ್ದು ಇದೇ. 1915ರಲ್ಲಿ ಪೋರ್ಟ್‌ಲೆಂಡಿನಲ್ಲಿ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಆರೆಗಾನ್ ಮತ್ತು ಆರೆಗಾನ್ ಕೃಷಿ ಕಾಲೇಜುಗಳು ಸೇರಿ ಪೆಸಿಫಿಕ್ ಕರಾವಳಿಯ ಒಕ್ಕೂಟವನ್ನು ಸ್ಥಾಪಿಸಿದವು. ಅದೇ ಸುಮಾರಿಗೆ ಟೆಕ್ಸಸ್ ಮತ್ತು ಅದರ ನೆರೆಯ ಸಂಸ್ಥಾನಗಳ ಕಾಲೇಜುಗಳು ನೈಋತ್ಯ ಒಕ್ಕೂಟವನ್ನು ಕಟ್ಟಿದವು. ರೈಲಿನಲ್ಲಿ ಹೋಗಿ, ಆಡಿ, ಸೋಮವಾರದ ತರಗತಿಗೆ ಹಿಂದಿರುಗಬಲ್ಲಷ್ಟು ದೂರವೇ ಆಗ ಒಕ್ಕೂಟದ ಗಡಿ. ಆಡುವವರು ಯಾರೆಂಬುದನ್ನು ವಿದ್ಯೆ ನಿರ್ಣಯಿಸಿತು. ಯಾರೊಡನೆ ಎಂಬುದನ್ನು ಭೂಗೋಳ ನಿರ್ಣಯಿಸಿತು.

ಭೂಗೋಳದ ಜೊತೆಗೆ ಇನ್ನೊಂದು ಶಕ್ತಿಯೂ ಕೆಲಸ ಮಾಡಿತು. 1862ರಲ್ಲಿ, ಅಂತರ್ಯುದ್ಧದ ನಡುವೆಯೇ, ಅಬ್ರಹಾಂ ಲಿಂಕನ್ನರ ಅಂಕಿತ ಪಡೆದ ಮಾರಿಲ್ ಶಾಸನವು ಕೃಷಿ ಮತ್ತು ಯಂತ್ರಕಲೆಗಳನ್ನು ಬೋಧಿಸುವ ಕಾಲೇಜುಗಳಿಗಾಗಿ ಪ್ರತಿಯೊಂದು ಸಂಸ್ಥಾನಕ್ಕೂ ಸಾರ್ವಜನಿಕ ಭೂಮಿಯನ್ನು ದತ್ತವಾಗಿ ಕೊಟ್ಟಿತು. ಕೆಲವು ಸಂಸ್ಥಾನಗಳು ಆ ದತ್ತಿಯನ್ನು ತಮ್ಮಲ್ಲಿದ್ದ ವಿಶ್ವವಿದ್ಯಾನಿಲಯಕ್ಕೇ ಸೇರಿಸಿದವು. ಅನೇಕವು ಅದರಿಂದ ಬೇರೊಂದು ಕಾಲೇಜನ್ನು ಬೇರೊಂದು ಊರಿನಲ್ಲಿ ಕಟ್ಟಿದವು. ಅಯೋವಾ ಮತ್ತು ಅಯೋವಾ ಸ್ಟೇಟ್, ಆರೆಗಾನ್ ಮತ್ತು ಆರೆಗಾನ್ ಸ್ಟೇಟ್, ವಾಷಿಂಗ್ಟನ್ ಮತ್ತು ವಾಷಿಂಗ್ಟನ್ ಸ್ಟೇಟ್, ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ ಎಂಬ ಅವಳಿಗಳು ಹೀಗೆ ಹುಟ್ಟಿಕೊಂಡವು. ಒಂದರಲ್ಲಿ ನ್ಯಾಯವಾದಿಗಳೂ ವೈದ್ಯರೂ ಆಗತಕ್ಕವರು, ಇನ್ನೊಂದರಲ್ಲಿ ಒಕ್ಕಲುಮಕ್ಕಳೂ ಎಂಜಿನಿಯರುಗಳೂ ಪಶುವೈದ್ಯರೂ. ಎರಡಕ್ಕೂ ಬೊಕ್ಕಸ ಒಂದೇ, ಶಾಸನಸಭೆ ಒಂದೇ, ಎಷ್ಟೋ ವೇಳೆ ಮನೆಯೂ ಒಂದೇ. ನಮ್ಮ ಹೆಬ್ಬಾಳದಲ್ಲಿ 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯ ಅದೇ ಭೂದತ್ತಿ ಕಾಲೇಜುಗಳ ಮಾದರಿಯನ್ನು ಅನುಸರಿಸಿ, ಟೆನೆಸ್ಸೀ ವಿಶ್ವವಿದ್ಯಾನಿಲಯದ ಸಹಕಾರದಿಂದ, ರೂಪುಗೊಂಡದ್ದೆಂಬುದನ್ನು ನೆನೆದರೆ ಈ ವಂಶವೃಕ್ಷ ನಮಗೆ ತೀರ ಪರಕೀಯವೆನಿಸದು. ಅಲ್ಲಿ ಅಣ್ಣ ಒಂದು ಕಾಲೇಜಿಗೆ, ತಂಗಿ ಇನ್ನೊಂದಕ್ಕೆ ಸೇರುವುದು ಸಾಮಾನ್ಯ. ನವೆಂಬರಿನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಇಬ್ಬರೂ ಒಂದೇ ಮೇಜಿಗೆ ಕೂಡುತ್ತಾರೆ, ಅದರ ಹಿಂದುಮುಂದಿನ ದಿನಗಳಲ್ಲಿ ಎಷ್ಟೋ ಕಡೆ ಇಬ್ಬರ ಕಾಲೇಜುಗಳೂ ಮೈದಾನದಲ್ಲಿ ಕಾದಾಡುತ್ತವೆ.

ಇಂಥ ಜಿದ್ದು ಹೇಗೆ ಬೇರೂರುತ್ತದೆಂಬುದನ್ನು ತೋರಿಸಲು ಒಂದು ಮಣ್ಣಿನ ಹೂಜಿಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. 1903ರ ಅಕ್ಟೋಬರ್ 31ರಂದು ಮಿಷಿಗನ್ ತಂಡ ಮಿನಿಯಾಪೊಲಿಸ್ ನಗರದಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದ ವಿರುದ್ಧ ಆಡಬೇಕಾಗಿತ್ತು. 1901ರಿಂದ ಸೋಲನ್ನೇ ಕಾಣದೆ ಬಂದಿದ್ದ ತಂಡ ಅದು. ಪರಸ್ಥಳದ ನೀರಿನ ಶುದ್ಧಿಯ ಬಗೆಗೆ ನಂಬಿಕೆ ಸಾಲದೆ ತರಬೇತುದಾರ ಫೀಲ್ಡಿಂಗ್ ಯೋಸ್ಟ್ ತಮ್ಮ ಹುಡುಗರಿಗೆ ಕುಡಿಯುವ ನೀರಿಗೆಂದು ಐದು ಗ್ಯಾಲನ್ ಹಿಡಿಯುವ ಹೂಜಿಯೊಂದನ್ನು ಅಲ್ಲಿನ ಅಂಗಡಿಯಿಂದ ತರಿಸಿದರು. ಬೆಲೆ 30 ಸೆಂಟ್. ಪಂದ್ಯ 6–6ರಲ್ಲಿ ಸಮವಾಯಿತು. ಕೊನೆಗಳಿಗೆಯಲ್ಲಿ ಮಿನೆಸೋಟ ಸಮಮಾಡಿಕೊಂಡ ಹರ್ಷಾತಿರೇಕದಲ್ಲಿ ಜನ ಮೈದಾನಕ್ಕೆ ನುಗ್ಗಿದರು. ಆ ಗಲಭೆಯಲ್ಲಿ ಹೂಜಿ ಹಿಂದುಳಿಯಿತು. ಅದನ್ನು ಕಂಡ ಆಸ್ಕರ್ ಮನ್ಸನ್ ಎಂಬ ಮಿನೆಸೋಟದ ಪರಿಚಾರಕ ಅಲ್ಲಿನ ಕ್ರೀಡಾ ಮುಖ್ಯಸ್ಥರಾದ ಕುಕ್ ಅವರ ಬಳಿಗೆ ಒಯ್ದರು. ಆಸ್ಕರ್ ಸೆರೆಹಿಡಿದ ಮಿಷಿಗನ್ನಿನ ಹೂಜಿಯೆಂದು ಅದರ ಮೇಲೆ ಬಣ್ಣದಲ್ಲಿ ಬರೆದು, ದಿನಾಂಕವನ್ನು ನಮೂದಿಸಿ, ತಮ್ಮ ತಂಡದ ಅಂಕವನ್ನು ಎದುರಾಳಿಗಳ ಅಂಕಕ್ಕಿಂತ ದೊಡ್ಡದಾಗಿ ಚಿತ್ರಿಸಿ, ಅವರು ಅದನ್ನು ಇಟ್ಟುಕೊಂಡರು. ಹೂಜಿಯನ್ನು ಹಿಂದಿರುಗಿಸಿರೆಂದು ಯೋಸ್ಟ್ ಕೇಳಿದರೆಂದೂ, ಬೇಕಾದರೆ ಬಂದು ಗೆದ್ದುಕೊಂಡು ಹೋಗಿರಿ ಎಂಬ ಉತ್ತರ ಬಂದಿತೆಂದೂ ಐತಿಹ್ಯವಿದೆ. 1909ರಲ್ಲಿ ಮಿಷಿಗನ್ ಬಂದು, ಗೆದ್ದು, ಹೂಜಿಯನ್ನು ಒಯ್ದಿತು. ಇಂದಿಗೂ ಗೆದ್ದವರಿಗೆ ಆ ಹೂಜಿ ಸಲ್ಲುತ್ತದೆ. ಪ್ರತಿಯೊಂದು ಪಂದ್ಯದ ಅಂಕವೂ ಅದರ ಮೈಮೇಲೆ ಬರೆಯಲ್ಪಟ್ಟಿದೆ.

ಈ ವೃತ್ತಾಂತದಲ್ಲಿ ಸಾಮಾನ್ಯವಾಗಿ ಜನ ಎತ್ತಿ ಹೇಳದ ಸಂಗತಿಯೊಂದುಂಟು. 1909ರಲ್ಲಿ ಮಿಷಿಗನ್ ಬಿಗ್ ಟೆನ್ ಒಕ್ಕೂಟದ ಸದಸ್ಯನೇ ಆಗಿರಲಿಲ್ಲ. ನಿಯಮಗಳ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು ಹೊರಬಿದ್ದಿತ್ತು, ಮತ್ತೆ ಒಳಗೆ ಬಂದದ್ದು 1917ರಲ್ಲಿ. ಅಂದರೆ ಹೂಜಿಯನ್ನು ಹೂಜಿಯಾಗಿ ಮಾಡಿದ ಪಂದ್ಯ, ಒಕ್ಕೂಟದ ಆಶ್ರಯವಿಲ್ಲದೆ, ಎರಡು ವಿಶ್ವವಿದ್ಯಾನಿಲಯಗಳು ತಾವಾಗಿ ಒಡಂಬಟ್ಟು ಆಡಿದ್ದು. ಜಿದ್ದು ಒಕ್ಕೂಟದ ಸೃಷ್ಟಿಯಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ನನಗೆ ಬೇಕೆನಿಸದು. ಹತ್ತಿರವಿರುವಿಕೆ, ಮತ್ತೆಮತ್ತೆ ಎದುರಾಗುವಿಕೆ, ಕಳೆದ ಸಲದ ನೆನಪು: ಈ ಮೂರು ಕೂಡಿದಲ್ಲಿ ಅದು ತಾನಾಗಿ ಬೆಳೆಯುತ್ತದೆ. ಈಗ ಹದಿನೆಂಟು ಸದಸ್ಯರಿರುವ ಬಿಗ್ ಟೆನ್ ಒಕ್ಕೂಟದಲ್ಲಿ ಒಂದೊಂದು ತಂಡಕ್ಕೂ ಒಕ್ಕೂಟದೊಳಗಿನ ಪಂದ್ಯಗಳು ವರ್ಷಕ್ಕೆ ಒಂಬತ್ತೇ ಆದಕಾರಣ ಕೆಲವು ಜೋಡಿಗಳಿಗೆ ಮಾತ್ರ ಪ್ರತಿವರ್ಷದ ಭೇಟಿಯನ್ನು ಕಾಯ್ದಿರಿಸಿದ್ದಾರೆ. ಹೂಜಿಯ ಪಂದ್ಯಕ್ಕೆ ಆ ಪಟ್ಟಿಯಲ್ಲಿ ಸ್ಥಾನ ದೊರೆಯಲಿಲ್ಲ.

ಇಂಥ ಜಿದ್ದನ್ನು ಹಗೆತನವೆಂದು ಭಾವಿಸಿ ದೂರುವವರು ಇದ್ದಾರೆ. ಅವರಿಗೆ ನಾನು 1999ರ ನವೆಂಬರ್ ತಿಂಗಳ ಒಂದು ಘಟನೆಯನ್ನು ನಿವೇದಿಸುತ್ತೇನೆ. ಟೆಕ್ಸಸ್ ಎ ಅಂಡ್ ಎಂ ವಿದ್ಯಾರ್ಥಿಗಳು ಟೆಕ್ಸಸ್ ವಿಶ್ವವಿದ್ಯಾನಿಲಯದೊಡನೆ ಆಡುವ ಪಂದ್ಯಕ್ಕೆ ಮುಂಚೆ, ಮರದ ದಿಮ್ಮಿಗಳನ್ನು ತಾವೇ ಕಡಿದು ತಂದು, ಅಟ್ಟಣೆಯ ಮೇಲೆ ಅಟ್ಟಣೆಯಾಗಿ ನಿಲ್ಲಿಸಿ, ಬೃಹತ್ತಾದ ಅಗ್ನಿಯೊಂದನ್ನು ಹೊತ್ತಿಸುವ ಪದ್ಧತಿಯನ್ನು 1909ರಿಂದ ನಡೆಸಿಕೊಂಡು ಬಂದಿದ್ದರು. ಆ ವರ್ಷ ನವೆಂಬರ್ 18ರ ನಸುಕಿನಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ, ದಿಮ್ಮಿಗಳ ರಾಶಿ ಕುಸಿದು ಹನ್ನೆರಡು ಮಂದಿ ಮಡಿದರು. ಎಂಟು ದಿನಗಳ ತರುವಾಯ ಪಂದ್ಯ ನಡೆಯಿತು. ವಿರಾಮಕಾಲದಲ್ಲಿ ಟೆಕ್ಸಸ್ ವಿಶ್ವವಿದ್ಯಾನಿಲಯದ ವಾದ್ಯವೃಂದ, ಎದುರಾಳಿಗಳ ಮೈದಾನದಲ್ಲಿ ನಿಂತು, ಅಮೇಜಿಂಗ್ ಗ್ರೇಸ್ ಎಂಬ ಪ್ರಾರ್ಥನಾಗೀತವನ್ನೂ ಸೈನಿಕರ ಅಂತ್ಯಕ್ರಿಯೆಯಲ್ಲಿ ಊದುವ ಕಹಳೆಯ ಸ್ವರವನ್ನೂ ನುಡಿಸಿ, ತಲೆಯ ಮೇಲಿನ ಬಿಳಿಯ ಹ್ಯಾಟುಗಳನ್ನು ತೆಗೆದು ಕೈಯಲ್ಲಿ ಹಿಡಿದು ಹೊರನಡೆಯಿತು. ಆ ದಿನ ಎ ಅಂಡ್ ಎಂ 20–16ರಲ್ಲಿ ಗೆದ್ದಿತು. ಹೊರಗಿನವರು ಕಳುಹಿಸಿದ ಸಂತಾಪಗಳಿಗೆ ಬರಲಾರದ ತೂಕ ಈ ಒಂದು ವರ್ತನೆಗೆ ಬಂದದ್ದೇತರಿಂದ? ನೂರು ವರ್ಷಕ್ಕೂ ಮಿಕ್ಕು ತಮ್ಮನ್ನು ಎದುರಿಸಿ ನಿಂತವರೇ ತಲೆಬಾಗಿದ್ದರಿಂದ. ಬದ್ಧ ಎದುರಾಳಿಯಾದವನು ಒಂದು ಅರ್ಥದಲ್ಲಿ ನಮ್ಮ ಬಾಳಿನ ಸಾಕ್ಷಿ. ನಮ್ಮ ಗೆಲುವಿನ ಬೆಲೆಯನ್ನೂ ನಷ್ಟದ ಆಳವನ್ನೂ ಅವನಷ್ಟು ಬಲ್ಲವರು ಅಪರೂಪ.

ಇನ್ನು ಇಂಥ ಪಂದ್ಯಗಳಿಗೆ ಕೇಡು ಎಲ್ಲಿಂದ ಬಂತೆಂಬ ಪ್ರಶ್ನೆ. ಅನೇಕರು, ವಿಶ್ವವಿದ್ಯಾನಿಲಯಗಳು ಒಕ್ಕೂಟ ಬದಲಿಸಿದ, 2021ರಿಂದ ಈಚಿನ ಸಂಗತಿಗಳನ್ನೇ ದೂರುತ್ತಾರೆ. ನನ್ನ ಮಟ್ಟಿಗೆ ಮೂಲ 1984ರ ಜೂನ್ 27ರಂದು ಇದೆ. 1950ರ ದಶಕದ ಆರಂಭದಿಂದ ದೂರದರ್ಶನದಲ್ಲಿ ಯಾವ ಪಂದ್ಯ ಬರಬೇಕು, ಎಷ್ಟು ಬರಬೇಕು ಎಂಬುದನ್ನು ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ, ಅಂದರೆ ಎನ್‌ಸಿಎಎ, ತನ್ನ ಕೈಯಲ್ಲಿ ಇಟ್ಟುಕೊಂಡಿತ್ತು; ಮನೆಯಲ್ಲಿ ಕುಳಿತು ನೋಡುವ ಅಭ್ಯಾಸ ಬಿದ್ದರೆ ಮೈದಾನ ಬರಿದಾದೀತೆಂಬುದು ಅದರ ಭಯ. ಎಂಬತ್ತರ ದಶಕದ ಯೋಜನೆಯ ಪ್ರಕಾರ ಎಷ್ಟೇ ಬಲಾಢ್ಯವಾದ ತಂಡವಾಗಲಿ ಎರಡು ವರ್ಷಗಳಲ್ಲಿ ಆರು ಬಾರಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುವಂತಿರಲಿಲ್ಲ. ಓಕ್ಲಹೋಮ ಮತ್ತು ಜಾರ್ಜಿಯಾದವರು ಇದನ್ನು ಏಕಸ್ವಾಮ್ಯ ನಿರೋಧಕ ಕಾನೂನಿಗೆ ವಿರುದ್ಧವೆಂದು ನ್ಯಾಯಾಲಯಕ್ಕೆ ಒಯ್ದರು. ಸರ್ವೋಚ್ಚ ನ್ಯಾಯಾಲಯ ಏಳಕ್ಕೆ ಎರಡರ ಬಹುಮತದಿಂದ ಅವರ ವಾದವನ್ನು ಎತ್ತಿಹಿಡಿಯಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಸ್ಟೀವನ್ಸ್.

ಭಿನ್ನಮತವನ್ನು ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಅವರು ಯೌವನದಲ್ಲಿ ಕೊಲೊರಾಡೊ ವಿಶ್ವವಿದ್ಯಾನಿಲಯದ ಹೆಸರಾಂತ ಫುಟ್‌ಬಾಲ್ ಆಟಗಾರರಾಗಿದ್ದವರು. 1938ರಲ್ಲಿ ವೃತ್ತಿಪರ ಲೀಗಿನಲ್ಲಿ ಚೆಂಡು ಹಿಡಿದು ಓಡಿದ ದೂರದಲ್ಲಿ ಎಲ್ಲರಿಗಿಂತ ಮೊದಲಿಗರಾಗಿದ್ದವರು. ಆ ಪೀಠದಲ್ಲಿ ಮೈದಾನದ ಧೂಳನ್ನು ಅವರಷ್ಟು ಬಲ್ಲವರು ಬೇರೆ ಇರಲಿಲ್ಲ. ಕಾಲೇಜು ಕ್ರೀಡೆಯನ್ನು ಇತರ ವ್ಯಾಪಾರಗಳ ತಕ್ಕಡಿಯಲ್ಲಿಯೇ ತೂಗುವುದು ಸಲ್ಲದೆಂದೂ, ಅದು ವಿದ್ಯಾಭ್ಯಾಸದ ಅಂಗವಾಗಿ ನಡೆಯತಕ್ಕದ್ದಾದ್ದರಿಂದ ಲಾಭದೃಷ್ಟಿಗೆ ಕಡಿವಾಣ ಹಾಕುವ ನಿರ್ಬಂಧಗಳಿಗೆ ಅಲ್ಲಿ ಎಡೆಯುಂಟೆಂದೂ ಅವರ ಅಭಿಪ್ರಾಯದ ಸಾರ. ಕಾನೂನಿನ ದೃಷ್ಟಿಯಿಂದ ಬಹುಮತದ ತೀರ್ಪು ಸರಿಯೋ ಏನೋ, ಅದನ್ನು ನ್ಯಾಯಶಾಸ್ತ್ರಜ್ಞರು ಹೇಳಬೇಕು. ನಾನಾದರೋ ವೈಟ್ ಅವರ ಕಡೆಯವನು. ಯಾಕೆಂದರೆ ಆ ದಿನದಿಂದ ಮುಂದೆ ಪಂದ್ಯವೆಂಬುದು ಮಾರಬಹುದಾದ ಸರಕಾಯಿತು. ಮಾರುವವರು ಹೆಚ್ಚು ಮಂದಿ ಒಗ್ಗೂಡಿದಷ್ಟೂ ಬೆಲೆ ಏರುವುದಾದ್ದರಿಂದ, ಆಟಗಾರರ ಶೀಲವನ್ನು ಕಾಯಲೆಂದು ಅಧ್ಯಾಪಕರು ಕಟ್ಟಿದ್ದ ಒಕ್ಕೂಟ ಪ್ರಸಾರದ ಹಕ್ಕುಗಳನ್ನು ಸಗಟಾಗಿ ವಿಕ್ರಯಿಸುವ ಮಂಡಳಿಯಾಗಿ ಮಾರ್ಪಟ್ಟಿತು.

ಆಮೇಲಿನ ಕಥೆಯನ್ನು ಬೇಗ ಹೇಳಬಹುದು. ಆಗ್ನೇಯ ಸಂಸ್ಥಾನಗಳ ಒಕ್ಕೂಟವಾದ ಎಸ್‌ಇಸಿ ತನ್ನ ಸದಸ್ಯರನ್ನು ಹನ್ನೆರಡಕ್ಕೆ ಏರಿಸಿ, ಎರಡು ಭಾಗ ಮಾಡಿ, 1992ರಲ್ಲಿ ಮೊದಲ ಬಾರಿಗೆ ಅಂತಿಮ ಪಂದ್ಯವೊಂದನ್ನು ನಡೆಸಿ ಅದರ ಪ್ರಸಾರದಿಂದ ಹಣ ಗಳಿಸುವ ದಾರಿ ತೋರಿತು. ನೈಋತ್ಯ ಒಕ್ಕೂಟವನ್ನು ಅರ್ಕಾನ್ಸಾ ಬಿಟ್ಟುಹೋಯಿತು. 1996ರಲ್ಲಿ ಅದು ವಿಸರ್ಜಿತವಾದಾಗ ಟೆಕ್ಸಸಿನ ನಾಲ್ಕು ವಿಶ್ವವಿದ್ಯಾನಿಲಯಗಳು ದೊಡ್ಡದಾದ ಬೇರೊಂದು ಒಕ್ಕೂಟಕ್ಕೆ ಸೇರಿದವು, ಉಳಿದವು ಚದರಿದವು. ಬಿಗ್ ಟೆನ್ 2007ರಲ್ಲಿ ಸ್ವಂತ ವಾಹಿನಿಯನ್ನು ತೆರೆದ ಮೇಲೆ ಲೆಕ್ಕಾಚಾರದ ರೀತಿಯೇ ಬದಲಾಯಿತು. ಕೇಬಲ್ ಸಂಪರ್ಕವಿದ್ದ ಮನೆಯವರು ಆ ವಾಹಿನಿಯನ್ನು ನೋಡಲಿ ಬಿಡಲಿ, ತಮ್ಮ ಪ್ರದೇಶ ಒಕ್ಕೂಟದ ವ್ಯಾಪ್ತಿಯೊಳಗೆ ಬಂದರೆ ತಿಂಗಳ ಶುಲ್ಕದಲ್ಲಿ ಅದರ ಪಾಲನ್ನು ತೆರಬೇಕಾಗುತ್ತಿತ್ತು. ಆದಕಾರಣ ಯಾವ ವಿಶ್ವವಿದ್ಯಾನಿಲಯವನ್ನು ಸೇರಿಸಿಕೊಳ್ಳಬೇಕೆಂಬುದನ್ನು ಅದರ ಸುತ್ತಲ ಮನೆಗಳ ಸಂಖ್ಯೆಯಿಂದ ಅಳೆಯಲಾಯಿತು. ನ್ಯೂಯಾರ್ಕಿನ ಮಗ್ಗುಲಿನ ರಟ್ಗರ್ಸ್, ವಾಷಿಂಗ್ಟನ್ ನಗರದ ಮಗ್ಗುಲಿನ ಮೇರಿಲೆಂಡ್ 2014ರಲ್ಲಿ ಮಧ್ಯಪಶ್ಚಿಮದ ಒಕ್ಕೂಟಕ್ಕೆ ಬಂದುದು ಈ ಮಾನದಂಡದಿಂದ. 2011ರ ಆಸುಪಾಸಿನ ಇಂಥ ಸ್ಥಾನಪಲ್ಲಟಗಳಲ್ಲಿ ಟೆಕ್ಸಸ್ ಮತ್ತು ಎ ಅಂಡ್ ಎಂ ಪಂದ್ಯ ನಿಂತಿತು. 1895ರಿಂದ ನಡೆದು ಬಂದಿದ್ದ ಪಿಟ್ಸ್‌ಬರ್ಗ್ ಮತ್ತು ವೆಸ್ಟ್ ವರ್ಜೀನಿಯಾ ಪಂದ್ಯ ನಿಂತಿತು. 1891ರಿಂದ ನಡೆದು ಬಂದಿದ್ದ, ಅಂತರ್ಯುದ್ಧದ ಗಾಯಗಳನ್ನು ಹೊತ್ತ ಗಡಿಯ ಈಚೆಆಚೆಯ ಕಾನ್ಸಸ್ ಮತ್ತು ಮಿಜೂರಿ ಪಂದ್ಯವೂ ನಿಂತಿತು.

2022ರಲ್ಲಿ ಬಿಗ್ ಟೆನ್ ಏಳು ವರ್ಷಗಳಿಗೆ 700 ಕೋಟಿ ಡಾಲರುಗಳನ್ನು ಮೀರಿದ ಪ್ರಸಾರ ಒಪ್ಪಂದವನ್ನು ಮಾಡಿಕೊಂಡಿತು. ಅದೇ ಬೇಸಿಗೆಯಲ್ಲಿ ಲಾಸ್ ಏಂಜಲಿಸಿನ ಯುಎಸ್‌ಸಿ ಮತ್ತು ಯುಸಿಎಲ್‌ಎಗಳು ಪೆಸಿಫಿಕ್ ಒಕ್ಕೂಟವನ್ನು ತೊರೆದು ಬಿಗ್ ಟೆನ್ನಿಗೆ ಸೇರುವುದಾಗಿ ಸಾರಿದವು. ಮರುವರ್ಷ ಜುಲೈಯಲ್ಲಿ ಕೊಲೊರಾಡೊ ಹೊರಟಿತು. ಆಗಸ್ಟ್ 4ರ ಒಂದೇ ಶುಕ್ರವಾರ ಐದು ವಿಶ್ವವಿದ್ಯಾನಿಲಯಗಳು ಹೊರಟವು. ಸೆಪ್ಟೆಂಬರ್ ಮೊದಲ ದಿನ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ, ಪೆಸಿಫಿಕ್ ದಂಡೆಯವೇ ಆದರೂ, ಅಟ್ಲಾಂಟಿಕ್ ಕರಾವಳಿಯ ಒಕ್ಕೂಟಕ್ಕೆ ಸೇರಲೊಪ್ಪಿದವು. ನೂರೆಂಟು ವರ್ಷದ ಒಕ್ಕೂಟದಲ್ಲಿ ಉಳಿದದ್ದು ಎರಡು: ಆರೆಗಾನಿನ ಕೊರ್ವಾಲಿಸ್ ಊರಿನ ಕೃಷಿ ಕಾಲೇಜಿನ ಸಂತತಿ, ಮತ್ತು ವಾಷಿಂಗ್ಟನ್ ಸಂಸ್ಥಾನದ ಪೂರ್ವದಂಚಿನ ಗೋಧಿ ದಿಣ್ಣೆಗಳ ನಡುವಣ ಪುಲ್ಮನ್ ಊರಿನ ಕೃಷಿ ಕಾಲೇಜಿನ ಸಂತತಿ. ಸುತ್ತಲೂ ಮನೆಗಳ ಸಂಖ್ಯೆ ಕಡಮೆ, ಹೊಲಗಳ ವಿಸ್ತಾರ ಹೆಚ್ಚು. ಮಾರುಕಟ್ಟೆಯ ಮಾನದಂಡದಲ್ಲಿ ಅದೇ ಅವುಗಳ ಅಪರಾಧ. ಲಿಂಕನ್ನರ ಕಾಲದ ಶಾಸನ ಯಾರಿಗಾಗಿ ಭೂಮಿ ಕೊಟ್ಟಿತ್ತೋ ಅವರೇ ಹೊರಗುಳಿದದ್ದು ಯದೃಚ್ಛೆಯಲ್ಲವೆಂದು ನನಗೆ ತೋರುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಎಲ್ಲ ನಿರ್ಧಾರಗಳಲ್ಲಿ ಒಂದೊಂದು ವಿಶ್ವವಿದ್ಯಾನಿಲಯವೂ ತನ್ನ ಹಿತವನ್ನು ತಾನು ನೋಡಿಕೊಂಡಿತು. ಹಾಗೆ ನೋಡಿಕೊಳ್ಳುವುದು ಅದರ ಆಡಳಿತಗಾರರ ಕರ್ತವ್ಯವೂ ಹೌದು. ಯಾರನ್ನೂ ದುರಾತ್ಮರೆಂದು ನಾನು ಭಾವಿಸುವುದಿಲ್ಲ. ಆದರೆ ಎರಡು ಹೊಲಗಳ ನಡುವಣ ಬದುವಿನ ಮೇಲೆ ಬೆಳೆದ ಮಾವಿನ ಮರವನ್ನು ನೆನೆಯಿರಿ. ನೆರಳು ಎರಡೂ ಕಡೆ ಬೀಳುತ್ತದೆ, ಹಣ್ಣು ಎರಡೂ ಮನೆಯವರು ತಿನ್ನುತ್ತಾರೆ. ಹೊಲವನ್ನು ಮಾರುವ ದಿನ ಕ್ರಯಪತ್ರದಲ್ಲಿ ಎಕರೆ ಗುಂಟೆಗಳು ನಮೂದಾಗುತ್ತವೆ, ಮರ ಯಾವ ಪತ್ರದಲ್ಲಿಯೂ ಬರುವುದಿಲ್ಲ. ಪ್ರತಿಸ್ಪರ್ಧೆ ಇರುವುದು ಆ ತಂಡದಲ್ಲಿಯೂ ಅಲ್ಲ, ಈ ತಂಡದಲ್ಲಿಯೂ ಅಲ್ಲ, ಇಬ್ಬರ ನಡುವೆ. ಒಪ್ಪಂದದ ಮೇಜಿನ ಸುತ್ತ ಒಂದೊಂದು ತಂಡಕ್ಕೂ ಒಬ್ಬ ವಕೀಲನಿದ್ದ, ಪ್ರಸಾರ ಸಂಸ್ಥೆಗೂ ಇದ್ದ. ನಡುವಿನದಕ್ಕೆ ವಕಾಲತ್ತು ವಹಿಸಿದವರು ಒಬ್ಬರೂ ಇರಲಿಲ್ಲ. ಪ್ರಸಾರ ಸಂಸ್ಥೆ ದುಡ್ಡು ಕೊಟ್ಟದ್ದಾದರೂ ಬಹುಮಟ್ಟಿಗೆ ಆ ನಡುವಿನ ವಸ್ತುವಿಗಾಗಿಯೇ ಎಂಬುದು ಈ ವ್ಯಾಪಾರದ ಅತ್ಯಂತ ದುಃಖಕರವಾದ ಅಂಶ. ಜನ ಕಿಕ್ಕಿರಿದು ನೋಡುವುದು ನೆರೆಯವರ ಕಾದಾಟವನ್ನು.

ಎದುರುಪಕ್ಷದ ಮಾತನ್ನೂ ಕೇಳಬೇಕು. ಈ ಹಣದಿಂದಲೇ ಈಜು, ಕುಸ್ತಿ, ಮಹಿಳೆಯರ ಕ್ರೀಡೆಗಳು ಮುಂತಾದ, ಆದಾಯ ತಾರದ ಎಷ್ಟೋ ಆಟಗಳು ಉಸಿರಾಡುತ್ತಿವೆ ಎನ್ನುತ್ತಾರೆ. ನಿಜ, ಆದರೆ ಫುಟ್‌ಬಾಲಿಗಾಗಿ ಮಾಡಿಕೊಂಡ ಒಕ್ಕೂಟದ ಭಾರವನ್ನು ಹೊರುತ್ತಿರುವವರೂ ಅದೇ ಮಕ್ಕಳು. ಫುಟ್‌ಬಾಲ್ ತಂಡ ವಾರಕ್ಕೊಮ್ಮೆ ಆಡುತ್ತದೆ. ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ಹುಡುಗಿಯರು ವಾರದ ಮಧ್ಯದಲ್ಲಿಯೂ ಹೊರಡಬೇಕು. ಲಾಸ್ ಏಂಜಲಿಸಿಗೂ ನ್ಯೂಜೆರ್ಸಿಗೂ ಸುಮಾರು 4000 ಕಿಲೋಮೀಟರ್ ದೂರ, ಗಡಿಯಾರದಲ್ಲಿ ಮೂರು ಗಂಟೆಗಳ ಅಂತರ. ಪಾಠದಲ್ಲಿ ಹಿಂದೆ ಬಿದ್ದವನು ಆಡಕೂಡದೆಂದು 1895ರಲ್ಲಿ ಚರ್ಚಿಸಿದ ಅಧ್ಯಕ್ಷರ ಉತ್ತರಾಧಿಕಾರಿಗಳೇ, ಆಡುವುದರಿಂದಲೇ ಪಾಠದಲ್ಲಿ ಹಿಂದೆ ಬೀಳುವಂಥ ಏರ್ಪಾಡಿಗೆ ಸಹಿ ಹಾಕಿದ್ದಾರೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು: ವಿಸ್ತರಣೆಯೇ ಹಳೆಯ ಜಿದ್ದನ್ನು ಮರಳಿ ತಂದದ್ದೂ ಉಂಟು. 2024ರಲ್ಲಿ ಟೆಕ್ಸಸ್ ವಿಶ್ವವಿದ್ಯಾನಿಲಯ ಎಸ್‌ಇಸಿಗೆ ಬಂದಾಗ, ಮೊದಲೇ ಅಲ್ಲಿದ್ದ ಎ ಅಂಡ್ ಎಮ್ಮಿನೊಡನೆ ಹದಿಮೂರು ವರ್ಷಗಳ ಮೇಲೆ ಮತ್ತೆ ಆಡಿತು, 17–7ರಲ್ಲಿ ಗೆದ್ದಿತು. ಅದನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಟೆಕ್ಸಸಿನೊಡನೆ ಓಕ್ಲಹೋಮವೂ ಹೊರಟ ಅದೇ ಸ್ಥಾನಾಂತರ ಓಕ್ಲಹೋಮ ಮತ್ತು ಓಕ್ಲಹೋಮ ಸ್ಟೇಟ್ ಪಂದ್ಯವನ್ನು, 1910ರಿಂದ ವರ್ಷವರ್ಷವೂ ನಡೆದಿದ್ದುದನ್ನು, ನಿಲ್ಲಿಸಿತು. ಒಂದು ಮರಳಿದ್ದೂ ಒಂದು ಹೋದದ್ದೂ ಮಾರುಕಟ್ಟೆಯ ಗತಿಯಿಂದ. ಕಾಪಾಡಬೇಕೆಂಬ ಸಂಕಲ್ಪದಿಂದ ಆದದ್ದು ಎರಡೂ ಅಲ್ಲ.

ಸಂಕಲ್ಪವಿದ್ದಲ್ಲಿ ಏನಾಗಬಲ್ಲದೆಂಬುದಕ್ಕೂ ಚರಿತ್ರೆಯಲ್ಲಿ ಉದಾಹರಣೆಗಳಿವೆ, ಅವುಗಳತ್ತ ಸಾಕಷ್ಟು ಗಮನ ಹರಿದಿಲ್ಲ. ಅಲಬಾಮಾ ಮತ್ತು ಆಬರ್ನ್ ಪಂದ್ಯ ಪ್ರಯಾಣದ ಖರ್ಚು ಮತ್ತು ತೀರ್ಪುಗಾರರ ನೇಮಕದ ಜಗಳದಿಂದ 1907ರ ತರುವಾಯ ನಿಂತುಹೋಗಿ ನಲವತ್ತೊಂದು ವರ್ಷ ನಡೆಯಲಿಲ್ಲ. ಕೊನೆಗೆ ಆ ಸಂಸ್ಥಾನದ ಶಾಸನಸಭೆಯೇ ಪಂದ್ಯ ನಡೆಯಬೇಕೆಂದು ಒತ್ತಾಯಿಸಿತು. 1948ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಉದ್ಯಾನದಲ್ಲಿ ಎರಡು ವಿದ್ಯಾರ್ಥಿ ಸಂಘಗಳ ಅಧ್ಯಕ್ಷರೂ ಕೂಡಿ ಕೊಡಲಿಯೊಂದನ್ನು ನೆಲದಲ್ಲಿ ಹೂತು ವೈರವನ್ನು ಮುಗಿಸಿದ ಮೇಲೆ ಆಟ ಪುನರಾರಂಭವಾಯಿತು. 1952ರಲ್ಲಿ ಕ್ಲೆಮ್ಸನ್ನಿನ ಮೇಲೆ ಅದರ ಒಕ್ಕೂಟ ಶಿಸ್ತಿನ ಕ್ರಮ ಕೈಗೊಂಡು ಸೌತ್ ಕ್ಯಾರೊಲಿನಾದೊಡನೆ ಆಡುವ ಪಂದ್ಯಕ್ಕೂ ಕುತ್ತು ಬಂದಾಗ, ಆ ಸಂಸ್ಥಾನದ ಶಾಸನಸಭೆ ಮಧ್ಯೆ ಪ್ರವೇಶಿಸಿ ಪಂದ್ಯ ನಡೆಯತಕ್ಕದ್ದೆಂದು ವಿಧಿಸಿತು. ಆ ಎರಡು ವಿಶ್ವವಿದ್ಯಾನಿಲಯಗಳು ಈಗ ಬೇರೆಬೇರೆ ಒಕ್ಕೂಟಗಳಲ್ಲಿವೆ. ಆದರೂ ಸಾಂಕ್ರಾಮಿಕದ 2020ನೆಯ ವರ್ಷವೊಂದನ್ನು ಬಿಟ್ಟರೆ ಪಂದ್ಯ ತಪ್ಪಿಲ್ಲ. ಮೇಜಿನ ಬಳಿ ಯಾರೂ ಪ್ರತಿನಿಧಿಸದಿದ್ದ ಆ ನಡುವಿನ ವಸ್ತುವಿಗೆ ಅಲ್ಲಿ ಜನಪ್ರತಿನಿಧಿಗಳು ದನಿಯಾದರು. ಸಾರ್ವಜನಿಕರ ತೆರಿಗೆಯಿಂದ ಬೆಳೆದ ಎರಡು ಸಂಸ್ಥೆಗಳ ನಡುವಣ ಸಂಬಂಧದ ಮೇಲೆ ಸಾರ್ವಜನಿಕರಿಗೆ ಹಕ್ಕಿದೆಯೆಂದು ಹೇಳುವುದು ಅತಿಕ್ರಮಣವೆಂದು ನನಗೆ ತೋರುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಬರ್ಕ್ಲಿಗೂ ಯುಸಿಎಲ್‌ಎಗೂ ಆಡಳಿತ ಮಂಡಳಿ ಒಂದೇ ಆಗಿದ್ದುದರಿಂದ ಬದುವಿನ ಎರಡೂ ಕಡೆಯ ಹೊಲ ಒಬ್ಬರದೇ ಆಗಿತ್ತು. ಆ ಮಂಡಳಿ 2022ರ ಡಿಸೆಂಬರಿನಲ್ಲಿ ಯುಸಿಎಲ್‌ಎ ಹೊರಹೋಗಲು ಸಮ್ಮತಿಸಿ, ಆಮೇಲೆ ಬರ್ಕ್ಲಿಗೆ ಆದ ನಷ್ಟಕ್ಕಾಗಿ ಯುಸಿಎಲ್‌ಎ ವರ್ಷಕ್ಕೆ 1 ಕೋಟಿ ಡಾಲರ್ ಕೊಡಬೇಕೆಂದು ಗೊತ್ತುಮಾಡಿತು. 1933ರಿಂದ ವರ್ಷ ತಪ್ಪದೆ ನಡೆದಿದ್ದ ಅವೆರಡರ ಪಂದ್ಯ 2024ರಲ್ಲಿ ನಡೆಯಲಿಲ್ಲ. ನಷ್ಟವನ್ನು ಹಣದಲ್ಲಿ ಅಳೆದು ತುಂಬಿಸಿಕೊಟ್ಟವರು, ಪಂದ್ಯವನ್ನು ಉಳಿಸಿಕೊಳ್ಳಿರೆಂಬ ಒಂದು ಷರತ್ತನ್ನು ಸೇರಿಸಬಹುದಾಗಿತ್ತು.

ವಾಷಿಂಗ್ಟನ್ ಸಂಸ್ಥಾನದಲ್ಲಿ ಇನ್ನೂ ಕಾಲ ಮಿಂಚಿಲ್ಲ. ಸಿಯಾಟಲ್ ನಗರದ ವಿಶ್ವವಿದ್ಯಾನಿಲಯವೂ ಪುಲ್ಮನ್ನಿನ ವಿಶ್ವವಿದ್ಯಾನಿಲಯವೂ 1900ರಿಂದ ಆಡುತ್ತ ಬಂದ, ಆ ನಾಡಿನ ಸೇಬಿನ ಹೆಸರನ್ನು ಹೊತ್ತ ಆಪಲ್ ಕಪ್ ಪಂದ್ಯವನ್ನು, ಒಕ್ಕೂಟ ಒಡೆದ ಮೇಲೂ 2028ರ ತನಕ ಮುಂದುವರಿಸಲು ಒಡಂಬಟ್ಟಿವೆ. ಆದರೆ ನವೆಂಬರಿನ ಕೊನೆಯಲ್ಲಿ, ಚಳಿ ಇಳಿದು, ಮಕ್ಕಳು ಹಬ್ಬಕ್ಕೆ ಮನೆಗೆ ಬಂದ ಹೊತ್ತಿನಲ್ಲಿ ನಡೆಯುತ್ತಿದ್ದ ಆ ಪಂದ್ಯ ಈಗ ಸೆಪ್ಟೆಂಬರಿಗೆ ಸರಿದಿದೆ, ಯಾಕೆಂದರೆ ನವೆಂಬರಿನ ಶನಿವಾರಗಳು ಒಕ್ಕೂಟದ ವಶದಲ್ಲಿವೆ. ಎರಡೂ ಸಂಸ್ಥೆಗಳನ್ನು ಪೋಷಿಸುವ ಶಾಸನಸಭೆ ಒಲಿಂಪಿಯಾ ನಗರದಲ್ಲಿದೆ. 2028ಕ್ಕೆ ಮುಗಿಯುವ ಆ ಒಡಂಬಡಿಕೆಯನ್ನು ನವೀಕರಿಸುವ ಮಾತುಕತೆಗೆ ಆ ಸಭೆ ತನ್ನ ಪ್ರತಿನಿಧಿಯೊಬ್ಬನನ್ನು ಕಳುಹಿಸಿ, ಅವಧಿಯನ್ನು ಐದು ವರ್ಷಕ್ಕಲ್ಲದೆ ಐವತ್ತು ವರ್ಷಕ್ಕೆ ನಿಗದಿಮಾಡುವಂತೆಯೂ, ಪಂದ್ಯವನ್ನು ಥ್ಯಾಂಕ್ಸ್‌ಗಿವಿಂಗ್ ವಾರಕ್ಕೆ ಹಿಂದಿರುಗಿಸುವಂತೆಯೂ, ಒಂದು ವರ್ಷ ಸಿಯಾಟಲಿನಲ್ಲಿ ಆಡಿದರೆ ಮರುವರ್ಷ ತಪ್ಪದೆ ಪುಲ್ಮನ್ನಿನಲ್ಲಿ ಆಡುವಂತೆಯೂ ಕೇಳಬೇಕೆಂದು ನನ್ನ ಅಭಿಪ್ರಾಯ. ಅದಕ್ಕೆ ಒಕ್ಕೂಟ ಅಡ್ಡಿಪಡಿಸಿದರೆ, ಅಲಬಾಮಾದವರೂ ಸೌತ್ ಕ್ಯಾರೊಲಿನಾದವರೂ ಹಾಕಿಕೊಟ್ಟ ಮೇಲ್ಪಂಕ್ತಿ ಆ ಸಭೆಯ ಕಣ್ಣೆದುರಿಗೇ ಇದೆ.